ನೂರು ಮೀಟರಿಗೊಂದು ಏಟು

ಎಂಟನೆಯ ಏಟಿಗೆ ಹುಣಸೆ ಬರಲಿನ ಕೋಲು ಮುರಿಯಿತು. ತುಂಡು ಹಾರಿ ಜೋಗಿಮಟ್ಟಿ ರಸ್ತೆಯ ಚರಂಡಿಗೆ ಬಿತ್ತು. ಶಿವಕುಮಾರಪ್ಪ ಮೇಷ್ಟ್ರು ಕೈಯಲ್ಲುಳಿದ ಮೋಟನ್ನು ಒಮ್ಮೆ ನೋಡಿ, ಹೇಗೂ ಲೆಕ್ಕ ಮುಗಿದಿತ್ತಲ್ಲ ಎಂದು ಅದನ್ನೂ ಎಸೆದರು. ಮೇಷ್ಟ್ರು ಲೆಕ್ಕದ ಮನುಷ್ಯ. ಮಗಳಿಗೆ ಒಂದು ಏಟು ಹೆಚ್ಚು ಹೊಡೆದವರಲ್ಲ, ಒಂದು ಬಿಟ್ಟವರೂ ಅಲ್ಲ. ಓಟದಲ್ಲಿ ನೂರು ಮೀಟರ್ ಕಡಿಮೆಯಾದರೆ ಒಂದು ಏಟು. ಆ ದಿನ ಎಂಟುನೂರು ಕಡಿಮೆ ಬಂದಿತ್ತು.

"ಎಲ್ಲಿ ಒಳದಾರಿ ಹಿಡ್ದೆ? ಹೇಳು."

"ಎಲ್ಲೂ ಇಲ್ಲಪ್ಪ. ರೋಡ್ ಬಿಟ್ಟು ಕಾಲೇ ಇಟ್ಟಿಲ್ಲ," ಎಂದಳು ಬಿಂದು. ಮೀನಖಂಡದ ಮೇಲೆ ಬಾಸುಂಡೆಗಳು ಆಗಲೇ ಎದ್ದಿದ್ದವು. ಅವಳು ಅಳುತ್ತಿರಲಿಲ್ಲ. ಅತ್ತರೆ ಒಂದು ಹೆಚ್ಚು ಎಂಬ ನಿಯಮವೂ ಇತ್ತು.

"ಹಂಗಾರೆ ವಾಚ್ ಸುಳ್ಳು ಹೇಳ್ತೈತೇನು?"

ಬೆಂಕಿಪೊಟ್ಟಣದಷ್ಟು ದಪ್ಪನೆಯ ಆ ಕಪ್ಪು ವಾಚು ಅವಳ ಮಣಿಕಟ್ಟಿನಲ್ಲಿ ೯.೨೦ ಎಂದು ತೋರಿಸುತ್ತಿತ್ತು. ಉಪಗ್ರಹ ನೋಡಿ ದೂರ ಹೇಳುವ ವಾಚು. ನಾಲ್ಕು ವರ್ಷದ ಹಿಂದೆ, ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದ ವಿದೇಶಿ ಎಂಜಿನಿಯರೊಬ್ಬ ಊರಿಗೆ ಹೊರಡುವಾಗ ಅದನ್ನು ಬಿಂದುವಿನ ಸೋದರಮಾವ ಮಂಜುನಾಥನಿಗೆ ಕೊಟ್ಟಿದ್ದ, ಮಂಜುನಾಥ ಭಾವನಿಗೆ ಕೊಟ್ಟಿದ್ದ. ಮೇಷ್ಟ್ರೇನು ಕಣ್ಣುಮುಚ್ಚಿ ನಂಬಿದವರಲ್ಲ. ಅದನ್ನು ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊಳಲ್ಕೆರೆ ರಸ್ತೆಗೆ ಹೋಗಿ, ಕಲ್ಲಿಗೆ ಕಲ್ಲು ತಾಳೆ ನೋಡಿ, ಹತ್ತು ಕಿಲೋಮೀಟರಿಗೆ ಹತ್ತು ಮೀಟರೂ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಹೊಳಲ್ಕೆರೆ ರಸ್ತೆ ನೆಟ್ಟಗಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಜೋಗಿಮಟ್ಟಿಯದು ಬೇರೆ ರಸ್ತೆ. ಅರಣ್ಯ ಇಲಾಖೆಯ ಗೇಟಿನಿಂದ ಮೇಲಕ್ಕೆ ಐದು ಕಿಲೋಮೀಟರ್, ತಿರುಗಿ ಐದು. ಉದ್ದಕ್ಕೂ ತಿರುವು, ತಿರುವಿನ ಮೇಲೆ ಮರ. ಮೊಣಕಾಲು ಸವೆದ ಮೇಷ್ಟ್ರು ಗೇಟಿನೆದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದರು. ಮಗಳು ಹೋಗಿ ಬಂದು ಮೈಲಿಗಲ್ಲಿನ ಬಳಿ ನಿಂತು ವಾಚು ಒತ್ತಿ ಕಾಯಬೇಕು. ಅವರು ಟೀ ಮುಗಿಸಿ, ಬರಲನ್ನು ಹಿಡಿದು ರಸ್ತೆ ದಾಟಿ ಬಂದು ನೋಡುತ್ತಿದ್ದರು.

ಎರಡು ವಾರ ಪೆಟ್ಟು ತಿಂದ ಮೇಲೆ ಬಿಂದು ತಾನೇ ಒಂದು ದಾರಿ ಕಂಡುಕೊಂಡಳು. ಮೇಲಿನ ಬಂಗಲೆಯ ಬಳಿ, ಅಪ್ಪನ ಕಣ್ಣಿಗೆ ಬೀಳದ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿ ಕಡಿಮೆ ಬೀಳುವ ಎಂಟುನೂರು ಮೀಟರನ್ನು ತುಂಬಿಸಿಕೊಂಡು ಇಳಿಯತೊಡಗಿದಳು. ವಾಚು ಈಗ ಹತ್ತು ಎಂದಿತು. ಆದರೆ ಹೊತ್ತು ಏರಿತು. ಮೇಷ್ಟ್ರು ಹೊಸ ನಿಯಮ ಮಾಡಿದರು: ನಲವತ್ನಾಲ್ಕು ನಿಮಿಷ ದಾಟಿದರೆ ನಿಮಿಷಕ್ಕೆ ಎರಡು. ಪಾಪದ ಹುಡುಗಿಗೆ ಅತ್ತ ದರಿ, ಇತ್ತ ಪುಲಿ.

"ನಲವತ್ನಾಲ್ಕರೊಳಗೆ ಬರದಿದ್ರೆ ಫಾರಂಗೆ ಸೈನ್ ಹಾಕಲ್ಲ ನಾನು. ಮೈಸೂರಿಗೋಗಿ ನನ್ನ ಮರ್ಯಾದೆ ಕಳೀಬೇಡ."

ಮೈಸೂರಿನಲ್ಲಿ ರಾಜ್ಯಮಟ್ಟದ ಕೂಟ. ಅಲ್ಲಿ ಮೊದಲ ಆರರೊಳಗೆ ಬಂದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಬಿಂದುವಿಗೆ ಪದಕದ ಆಸೆಯೇನೂ ಇರಲಿಲ್ಲ. ಆ ಹಾಸ್ಟೆಲಿನಲ್ಲೊಂದು ಮಂಚ ಸಿಕ್ಕರೆ ಸಾಕಿತ್ತು. ಫಾರಂ ಕಳಿಸಲು ಶನಿವಾರ ಕೊನೆಯ ದಿನ.

ಗುರುವಾರ ಮಂಜುನಾಥ ಬಂದ. ಆ ಎಂಜಿನಿಯರು ಯಂತ್ರ ರಿಪೇರಿಗೆಂದು ಮತ್ತೆ ಬಂದಿದ್ದನಂತೆ. ಅವನ ಹೊಸ ವಾಚನ್ನು ಎರಡು ದಿನಕ್ಕೆ ಕೇಳಿ ತಂದಿದ್ದ.

"ಓಟ, ಸೈಕಲ್, ಈಜು, ಮೂರಕ್ಕೂ ಆಗ್ತೈತೆ ಭಾವ."

"ನಮ್ಮೂರಾಗೆ ಕುಡಿಯಾಕೆ ನೀರಿಲ್ಲ, ಈಜು ಬೇರೆ," ಎಂದರು ಮೇಷ್ಟ್ರು. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೊಸದು ಅರ್ಧ ತೆಳ್ಳಗಿತ್ತು. ಹಳೆಯದು ಉಪಗ್ರಹ ಹುಡುಕಲು ಐದು ನಿಮಿಷ ತಿಣುಕಿದರೆ ಇದು ಅಂಗಳಕ್ಕೆ ಬಂದದ್ದೇ ತಡ ಹಿಡಿದುಕೊಂಡಿತು. ಜೊತೆಗೆ ಎದೆಗೆ ಕಟ್ಟುವ ಒಂದು ಪಟ್ಟಿಯಿತ್ತು.

"ಇದನ್ನ ನೀರು ಹಚ್ಚಿ ಕಟ್ಕಂಡ್ರೆ ಎದೆ ನಿಮಿಷಕ್ಕೆ ಎಷ್ಟು ಸಲ ಬಡೀತೈತೆ ಅಂತ ವಾಚಿನಾಗೆ ಬರ್ತೈತೆ. ವಾಚು ಎರಡು ಮಾರು ದೂರ ಹೋತು ಅಂದ್ರೆ ಮಾತ್ರ ಏನೂ ಬರಲ್ಲ, ಎರಡು ಗೀಟು ಅಷ್ಟೆ."

"ಎದೆ ಬಡಿತ ಕಟ್ಕಂಡು ಏನ್ಮಾಡ್ಲಿ? ದೂರ ಸರಿಯಾಗಿ ಹೇಳ್ತೈತೋ ಇಲ್ವೋ, ಅದನ್ನ ನೋಡಾಣ. ನಾಳೆ ಎರಡೂ ಕಟ್ಟು ಇವಳಿಗೆ."

ಶುಕ್ರವಾರ ಬೆಳಿಗ್ಗೆ ಬಿಂದು ಎಡಗೈಗೆ ಹಳೆಯದು, ಬಲಗೈಗೆ ಹೊಸದು, ಮಾವ ಹೇಳಿದಂತೆ ಎದೆಗೆ ಪಟ್ಟಿಯನ್ನೂ ಕಟ್ಟಿಕೊಂಡು ಓಡಿದಳು. ಮಂಜುನಾಥ ಬೈಕಿನಲ್ಲಿ ಹಿಂದೆಯೇ ಮೇಲಕ್ಕೆ ಹೋದ. ಅವಳು ಇಳಿದು ಬಂದು ಮೈಲಿಗಲ್ಲಿನ ಬಳಿ ನಿಂತಳು. ಅಭ್ಯಾಸಬಲದಿಂದ ಎಡಗೈಯ ವಾಚನ್ನು ಒತ್ತಿ ನಿಲ್ಲಿಸಿದಳು. ಹೊಸದರಲ್ಲಿ ಯಾವ ಗುಂಡಿ ಎಂದು ತಿಳಿಯದೆ ಹಾಗೇ ಬಿಟ್ಟಳು. ಹಳೆಯದರಲ್ಲಿ ದೂರ ೧೦.೦೨, ಹೊತ್ತು ೪೭.೧೦. ಮಗಳು ಬಂದದ್ದನ್ನು ಮೇಷ್ಟ್ರು ನೋಡಿದರು, ಟೀ ಮುಗಿಸಿದರು, ರಸ್ತೆ ದಾಟಿದರು. ಹಳೆಯದನ್ನು ನೋಡಿದರು. ಹೊಸದನ್ನು ನೋಡುವಷ್ಟು ತಾಳ್ಮೆ ಉಳಿಯಲಿಲ್ಲ.

"ಮೂರು ನಿಮಿಷ. ಆರು," ಎಂದರು.

ಮೂರನೆಯ ಏಟು ತೊಡೆಯ ಮೇಲೆ ಹಳೆಯ ಗಾಯಕ್ಕೇ ಬಿತ್ತು. ಬಿಂದು ಮೈಲಿಗಲ್ಲನ್ನು ತಬ್ಬಿ ಕುಸಿದಳು. "ಏಳಲೇ," ಎಂದು ಜಡೆ ಹಿಡಿದೆತ್ತಿ ನಾಲ್ಕನೆಯದು ಬಾರಿಸುವಷ್ಟರಲ್ಲಿ ಬೈಕು ಬಂತು. ಮಂಜುನಾಥ ಬೈಕನ್ನು ಹಾಗೇ ಕೆಡವಿ ಓಡಿ ಬಂದು ಬರಲನ್ನು ಹಿಡಿದ. ಮೇಷ್ಟ್ರು ಎಡಗೈಯಿಂದ ಅವನ ಬಾಯಿಗೆ ಗುದ್ದಿದರು. ತುಟಿ ಒಡೆದು ರಕ್ತ ಅಂಗಿಗೆ ಇಳಿಯಿತು. ಅವನು ಹಿಡಿದ ಬರಲನ್ನು ಬಿಡಲಿಲ್ಲ.

"ನೂಕ್ರಿ, ಹೊಡೀರಿ ಭಾವ. ಆದ್ರೆ ಮೊದ್ಲು ಇದನ್ನ ನೋಡ್ರಿ," ಎಂದು ಬಿಂದುವಿನ ಬಲಗೈ ಹಿಡಿದು ತೋರಿಸಿದ. ೧೦.೮೬.

ಮನೆಗೆ ಬಂದು ಮಂಜುನಾಥ ಆಫೀಸಿನ ಲ್ಯಾಪ್‌ಟಾಪ್ ತೆರೆದು ಹೊಸ ವಾಚನ್ನು ಅದಕ್ಕೆ ಸಿಕ್ಕಿಸಿದ. ತುಟಿಗೆ ಅರಿಶಿನ ಒತ್ತಿದ್ದ. ಅವನ ಅಕ್ಕ ಮರುಳಸಿದ್ದಮ್ಮ ಮಗಳ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಬಾಗಿಲ ಬಳಿ ಕುಳಿತಿದ್ದಳು. ತೆರೆಯ ಮೇಲೆ ಜೋಗಿಮಟ್ಟಿ ರಸ್ತೆ ತನ್ನೆಲ್ಲ ತಿರುವುಗಳೊಡನೆ ಮೂಡಿತು. ಮೇಲಿನ ತುದಿಯಲ್ಲಿ ಬಂಗಲೆಯ ಮುಂದೆ ಒಂದೇ ಕಡೆ ಹಿಂದೆ ಮುಂದೆ ಓಡಿದ ಗೆರೆಗಳ ಗಂಟು.

"ಇದೇನು?"

"ಕಡಿಮೆ ಬೀಳ್ತಿತ್ತಲ್ಲಪ್ಪ. ತುಂಬಿಸ್ತಿದ್ದೆ," ಎಂದಳು ಬಿಂದು.

"ಹಳೇದು ಮರದ ಕೆಳಗೆ ಉಪಗ್ರಹ ಕಳ್ಕಂತೈತೆ ಭಾವ," ಎಂದ ಮಂಜುನಾಥ. "ತಿರುವಿನ ಈಚೆಗೊಂದು ಚುಕ್ಕಿ, ಆಚೆಗೊಂದು ಚುಕ್ಕಿ ಇಟ್ಟು ನಡುವೆ ನೆಟ್ಟಗೆ ಗೆರೆ ಎಳೀತೈತೆ. ಒಳದಾರಿ ಹಿಡಿದಿದ್ದು ಇವಳಲ್ಲ, ವಾಚು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾತು ನಿಮ್ಮದು. ಹತ್ತು ಕಿಲೋಮೀಟರಿಗೆ ಇವಳ ಟೈಮು ನಲವತ್ಮೂರೂವರೆ."

ನಾಚಿಕೆಯಾದಾಗ ಕೆಲವರು ಬೇರೆ ತಪ್ಪು ಹುಡುಕುತ್ತಾರೆ, ಮೇಷ್ಟ್ರೂ ಹುಡುಕಿದರು. ರಸ್ತೆಯ ಕೆಳಗೊಂದು ಕೆಂಪು ಗೆರೆಯಿತ್ತು, ಎದೆ ಬಡಿತದ್ದು. ಏರಿನಲ್ಲಿ ನೂರಾ ಎಪ್ಪತ್ತು, ಇಳಿಜಾರಿನಲ್ಲಿ ನೂರಾ ಐವತ್ತು, ಕೊನೆಗೆ ಇಳಿದು ಇಳಿದು ನೂರಾ ಎಂಟು. ಅಲ್ಲಿಂದ ಗೋಡೆಯಂತೆ ನೆಟ್ಟಗೆ ಎದ್ದು ನೂರಾ ಎಂಬತ್ತು ಮುಟ್ಟಿತ್ತು.

"ಇದ್ಯಾವ ಏರು? ಗೇಟ್ ಆದ್ಮೇಲೆ ಏರೇ ಇಲ್ವಲ್ಲ. ನಿನ್ನ ಹೊಸ ವಾಚೂ ಸುಳ್ಳೇ."

ಮಂಜುನಾಥ ಕೆಂಪು ಗೆರೆ ಏಳುವ ಜಾಗದ ಮೇಲೆ ಬೆರಳಿಟ್ಟ. "ಸ್ಪೀಡ್ ನೋಡ್ರಿ, ಸೊನ್ನೆ. ಇವಳು ಮೈಲಿಗಲ್ಲಿನ ಹತ್ರ ನಿಂತವಳೆ. ಟೈಮ್ ನೋಡ್ರಿ, ಏಳು ಹದಿನಾಲ್ಕು. ಮೇಲಿನ ತಿರುವಿನಿಂದ ನಾನೇ ನೋಡ್ದೆ, ಆ ಹೊತ್ನಾಗೆ ನೀವು ಟೀ ಅಂಗಡಿಯಿಂದ ಎದ್ರಿ."

ಎಣ್ಣೆ ಹಚ್ಚುತ್ತಿದ್ದ ಮರುಳಸಿದ್ದಮ್ಮನ ಕೈ ನಿಂತಿತು.

"ಮಂಜ, ಆ ಪಟ್ಟಿ ನಂಗೂ ಒಂದಿನ ಕಟ್ಟಪ್ಪ," ಎಂದಳು. "ನಾನೇನ್ ಓಡಬೇಕಾಗಿಲ್ಲ. ಸಂಜೆ ಇವರ ಸ್ಕೂಟರ್ ಸದ್ದು ಕೇಳ್ದಾಗ ಒಲೆ ಮುಂದೆ ಕುಂತಿರ್ತೀನಿ, ಅಷ್ಟು ಸಾಕು."

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ಗಂಡನೆದುರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಮಂಜುನಾಥ ಹೊಡೆತಕ್ಕೆ ಸಿದ್ಧನಾಗಿ ಎದ್ದು ನಿಂತ. ಹೊಡೆತ ಬರಲಿಲ್ಲ. ಮೇಷ್ಟ್ರು ಗೂಡಿನಿಂದ ಫಾರಂ ತೆಗೆದು, ಜೇಬಿನ ಪೆನ್ನು ತೆಗೆದು, ಕೆಳಗೆ ಸಹಿ ಹಾಕಿದರು. ಆಮೇಲೆ ಹೊಸ ವಾಚನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ, ಏನೋ ತಪ್ಪಿರಬಹುದೇ ಎಂಬಂತೆ ತಿರುಗಿಸಿ ನೋಡಿದರು. ಪಟ್ಟಿ ಇನ್ನೂ ಬಿಂದುವಿನ ಎದೆಯ ಮೇಲೆಯೇ ಇತ್ತು. ವಾಚಿನಲ್ಲಿ ೮೪ ಎಂಬ ಅಂಕಿ ಮಿನುಗುತ್ತಿತ್ತು.

ಒಂದು ಕೈಯಲ್ಲಿ ಫಾರಂ, ಇನ್ನೊಂದರಲ್ಲಿ ವಾಚು ಹಿಡಿದು ಮಗಳ ಕಡೆ ಒಂದು ಹೆಜ್ಜೆ ಇಟ್ಟರು. ೯೭. ಬಿಂದು ಕುಳಿತಲ್ಲಿಂದ ಕದಲಿರಲಿಲ್ಲ. ತಲೆಯನ್ನೂ ಎತ್ತಿರಲಿಲ್ಲ. ಇನ್ನೊಂದು ಹೆಜ್ಜೆ. ೧೨೧.

"ತಗ," ಎಂದರು ಮೇಷ್ಟ್ರು, ತಮಗೇ ಕೇಳದಷ್ಟು ಮೆಲ್ಲಗೆ. ೧೩೬.

ಅವರು ಬಗ್ಗಿ ಫಾರಂ ಅನ್ನು ನೆಲದ ಮೇಲಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ವಾಚು ನೋಡಿದರು. ೧೩೩. ಇನ್ನೊಂದು ಸರಿದರು. ೧೨೪. ಬೆನ್ನು ತಿರುಗಿಸದೆ ಹಾಗೇ ಹಿಂದೆ ಹಿಂದೆ ಹೋಗುತ್ತ ಹಿತ್ತಲ ಬಾಗಿಲಿನ ಹೊಸ್ತಿಲು ಎಡವಿ, ಗೋಡೆ ಹಿಡಿದು, ಹೊರಗಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತರು. ಒಳಗಿನಿಂದ ಮಗಳು ಕಾಗದ ಎತ್ತಿಕೊಂಡ ಸದ್ದು ಕೇಳಿಸಿತು. ಈಗ ಎಷ್ಟಾಯಿತೆಂದು ನೋಡಲು ಅವರು ಅಂಗೈ ಬಿಚ್ಚಿದರು. ವಾಚಿನಲ್ಲಿ ಎರಡು ಗೀಟುಗಳಿದ್ದವು.