ನೀರಿನಲ್ಲಿ ಮಹಜರು

ಅರ್ಜಿದಾರರ ಎರಡೂ ಪಾದಗಳು ಒಲೆಗಲ್ಲಿನ ಮೇಲಿರಬೇಕು ಎಂದು ನಿಯಮವೇ ಹೇಳುವಾಗ ತಾನೇನು ಮಾಡಲಿ, ಎಂದುಕೊಂಡ ಮಹಜರು ಅಧಿಕಾರಿ. ದೋಣಿ ಓಲಾಡುತ್ತಿತ್ತು. ಕೆಳಗೆ ಅವನು ಹುಟ್ಟಿದ ಊರು. ಮೂರು ವರ್ಷದ ಹಿಂದೆ ಸಮುದ್ರ ಅದನ್ನು ನುಂಗಿ ನೀರು ಕುಡಿದಿತ್ತು.

ಎದುರಿಗೆ ಕೂತ ಮುದುಕಿ ಅವನ ದೊಡ್ಡಮ್ಮ. ತಾಯಿ ಸತ್ತ ಮೇಲೆ ಸಾಕಿದವಳು. ಬೆಳಗಿನಿಂದ ಅವನು 'ಅರ್ಜಿದಾರರೇ' ಎನ್ನುತ್ತಿದ್ದ, ಅವಳು 'ಸಾಹೇಬ್ರೇ' ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ಕೊಂಕು ಇಲ್ಲದಿದ್ದದ್ದೇ ಅವನನ್ನು ಚುಚ್ಚುತ್ತಿತ್ತು.

ಹಳೆಯ ನೆಲದ ಹಕ್ಕು ಸಾಬೀತಾದರೆ ಮಾತ್ರ ನಲವತ್ತು ಮನೆಗಳಿಗೆ ಗುಡ್ಡದ ಮೇಲೆ ಹೊಸ ನೆಲ. ಇವತ್ತೇ ಕಡೆಯ ದಿನ. ಅವರ ಜನದಲ್ಲಿ ನೆಲದ ಮಾತನ್ನು ಹಿರಿಯಳು ತನ್ನ ಒಲೆಗಲ್ಲಿನ ಮೇಲೆ ನಿಂತೇ ಆಡಬೇಕು. ಮೂಲನಿವಾಸಿಗಳ ಪದ್ಧತಿಯನ್ನು ಗೌರವಿಸಬೇಕೆಂದು ಕಾಯ್ದೆ ಅದನ್ನು ಇದ್ದ ಹಾಗೇ ಎತ್ತಿಕೊಂಡಿತ್ತು. ಕರಡು ಬರೆದವನು ಇವನೇ. ಬಡ್ತಿಯೂ ಸಿಕ್ಕಿತ್ತು.

"ಇಲ್ಲೇ ನಿಲ್ಸಪ್ಪ," ಎಂದಳು ದೋಣಿಯವನಿಗೆ. ಅಂಚು ಹಿಡಿದು ಇಳಿದಳು. ನೀರು ಎದೆಯವರೆಗೆ ಬಂತು. ಕಾಲ್ಬೆರಳಿನಿಂದ ತಡಕಾಡಿದಳು.

"ಸಿಕ್ತು. ಬರ್ಕೊಳ್ಳಿ ಸಾಹೇಬ್ರೇ."

"ಪೂರ್ವಕ್ಕೆ?"

"ತಂಗಿ ಮನೆ."

ಅಂದರೆ ಅವನದೇ ಮನೆ. ತಲೆಯೆತ್ತಿ ನೋಡಿದ. ನೀರು. 'ಅರ್ಜಿದಾರರ ತಂಗಿಯ ಮನೆ' ಎಂದು ಬರೆದ.

"ನಿಮ್ಮನ್ನ ಈ ನೆಲ ಬಿಡಿಸಿದ್ದು ಯಾರು? ವ್ಯಕ್ತಿ ಹೆಸರು ಬೇಕು."

"ಸಮುದ್ರ."

"ಸಮುದ್ರ ವ್ಯಕ್ತಿ ಅಲ್ಲ."

"ಹಂಗಾದ್ರೆ ಅದಕ್ಕೊಂದು ನೋಟೀಸು ಕಳ್ಸಿ, ಬಂದು ಹೇಳ್ಲಿ."

ದೋಣಿಯವನು ಕಿಸಕ್ಕನೆ ನಕ್ಕ. ಆಮೇಲೆ ಗಂಭೀರವಾಗಿ, "ಸಾರ್, ಉಬ್ಬರ ಶುರುವಾಗಿದೆ," ಎಂದ.

ನೀರು ಅವಳ ಗದ್ದ ಮುಟ್ಟಿತ್ತು. ಮಹಜರು ಮುಗಿಯುವ ಮೊದಲು ಕಾಲೆತ್ತಿದರೆ ಅರ್ಜಿ ವಜಾ. ಅದೂ ಅವನದೇ ವಾಕ್ಯ. ಅವನಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಅಕ್ಷರಗಳು ಮಾತ್ರ ಎಂದಿನಂತೆ ದುಂಡಾಗಿಯೇ ಬರುತ್ತಿದ್ದವು.

"ಮುಗೀತಾ?"

"ಒಂದೇ ಕಲಂ ಇದೆ."

ಅಧಿಕಾರಿಗೂ ಅರ್ಜಿದಾರರಿಗೂ ರಕ್ತಸಂಬಂಧವಿದೆಯೇ? ಇದ್ದರೆ ಮಹಜರು ರದ್ದು. ಅರ್ಜಿದಾರರೇ ಉತ್ತರಿಸಬೇಕು.

ಅವನು ಗಂಟಲು ಸರಿಮಾಡಿಕೊಂಡ. "ಹೇಳಿ, ಅರ್ಜಿದಾರರೇ. ನಾನು ನಿಮಗೇನಾದ್ರೂ ಆಗ್ಬೇಕಾ?"

ಬಾಯಿ ಆಗಲೇ ನೀರೊಳಗಿತ್ತು. ಕಣ್ಣು ಅವನ ಮೇಲಿತ್ತು. ತಲೆ ಆಚೀಚೆ ಅಲ್ಲಾಡಿತು. ಅಲ್ಲಾಡಿಸಿದ್ದು ಅವಳೋ ಅಲೆಯೋ ಅವನಿಗೆ ತಿಳಿಯಲಿಲ್ಲ.

'ಇಲ್ಲ' ಎಂದು ಬರೆದ. ಸಹಿ ಹಾಕಿ, ತಾರೀಕು ಹಾಕಿ, ನೋಡಿದ.

ನೀರಿನ ಮೇಲೆ ಬಿಳಿಗೂದಲು ಹರಡಿಕೊಂಡಿತ್ತು. ಅಲೆಗೆ ಏಳುತ್ತ ಬೀಳುತ್ತ ಇದ್ದರೂ ಆ ಜಾಗ ಬಿಟ್ಟು ಕದಲಿರಲಿಲ್ಲ.