ಬೀಗ ಹಾಕಿದ ಹೆಸರು

ದೀಪಕ್ಕೆ ಎಣ್ಣೆ ಎರೆಯುತ್ತಿದ್ದ ಯಮುನಾಳ ಕೈ ಅರ್ಧಕ್ಕೇ ನಿಂತಿತು. ಗೇಟಿನ ಬಳಿ ಬಗ್ಗಿ ಶೂ ಬಿಚ್ಚುತ್ತಿದ್ದವನು ಗುರುರಾಜ್. ಒಂದು ಕೈಯಲ್ಲಿ ಸುಗಂಧರಾಜದ ದಪ್ಪ ಹಾರ, ಹಿಂದೆ ರೇಡಿಯೋ ಕ್ಲಬ್ಬಿನ ನಾಲ್ಕೈದು ಜನ. ಎರಡು ವರ್ಷದಿಂದ ಈ ಮನೆಯ ಕಡೆ ತಲೆ ಹಾಕದಿದ್ದವನು ಅವನು.

ಶಾಮಿಯಾನದಡಿ ಗಾಜಿನ ಪೆಟ್ಟಿಗೆಯೊಳಗೆ ಅವಳ ಗಂಡ ದೇವರಾಜ್ ಮಲಗಿದ್ದ. ನಿನ್ನೆ ಊಟ ಮುಗಿಸಿ ತಾರಸಿಗೆ ಹೊರಟವನು ಮೆಟ್ಟಿಲ ಮೇಲೇ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದ. ಹೂಡಿಯಿಂದ ಆಸ್ಪತ್ರೆಗೆ ಹೊರಟ ಆಟೋ ಮಹದೇವಪುರದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದಾಗ, ಅವಳ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ಗುರುರಾಜ್ ಪೆಟ್ಟಿಗೆಯ ಮೇಲೆ ಹಾರವಿಟ್ಟು, ಗಾಜಿಗೆ ಹಣೆ ಒತ್ತಿ ಅತ್ತ. ಅದು ನಾಟಕವಲ್ಲವೆಂದು ಯಮುನಾಳಿಗೆ ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿದ್ದ ಗಂಡನ ದೊಡ್ಡಪ್ಪ ನಲ್ಲಪ್ಪ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಏನ್ ಮುನಿಸಿದ್ರೂ ಬಂದವ್ನೆ ನೋಡವ್ವ. ಮನ್ಸ ಅಂದ್ರೆ ಇಂಗಿರ್ಬೇಕು" ಎಂದ.

ಅತ್ತು ಮುಗಿಸಿದ ಗುರುರಾಜ್ ನೇರ ಯಮುನಾಳ ಮಗಳು ದೀಪಶ್ರೀಯ ಬಳಿ ಹೋದ. ಅವನ ಮಾತು ತುಂಡುತುಂಡಾಗಿ ಇತ್ತ ಕೇಳಿಸುತ್ತಿತ್ತು. ತಾರಸಿ ಕೋಣೆಯ ರೇಡಿಯೋ ಕಂಪ್ಯೂಟರ್ ಓಡುತ್ತಲೇ ಇದೆ, ನೂರಾರು ಜನ ಅದನ್ನೇ ನಂಬಿದ್ದಾರೆ, ಅಪ್ಪನ ಸುದ್ದಿ ಎಲ್ಲರಿಗೂ ತಿಳಿಸಬೇಕು, ಮೊದಲಿಂದಲೂ ಅದನ್ನು ಕಟ್ಟಿದವರು ತಾವಿಬ್ಬರೇ, ಪಾಸ್‌ವರ್ಡ್ ಒಂದು ಸಿಕ್ಕರೆ ಸಾಕು. ಕ್ಲಬ್ಬಿನವರು ಹೌದು ಹೌದು ಎಂದು ತಲೆಯಾಡಿಸಿದರು. ದೇವರಾಜನ ತಮ್ಮ ಶಶಿಕುಮಾರನಿಗೂ ಅದೇ ಬೇಕಿತ್ತು. ಆ ಆಂಟೆನಾ ಕಂಬ, ತಂತಿಗಳೆಲ್ಲ ತಾರಸಿಯಿಂದ ತೊಲಗಿದರೆ ಬಾಡಿಗೆಗೆ ಇನ್ನೊಂದು ಮಹಡಿ ಏರಿಸಬಹುದೆಂದು ಅವನು ಬಹಳ ದಿನದಿಂದ ಹೇಳುತ್ತಿದ್ದ. ಕೊಟ್ಟು ಕಳಿಸಮ್ಮ, ನಮಗ್ಯಾಕೆ ಆ ತಲೆನೋವು ಎಂದುಬಿಟ್ಟ.

ದೀಪಶ್ರೀಗೆ ಪಾಸ್‌ವರ್ಡ್ ಗೊತ್ತಿತ್ತು. ಗುರುರಾಜ್ ಅಂಕಲ್ ಮತ್ತು ಅಪ್ಪ ಯಾಕೆ ಮಾತು ಬಿಟ್ಟರೆಂಬುದು ಮಾತ್ರ ಗೊತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಮೆಟ್ಟಿಲ ಕಡೆ ನಡೆದಳು. ಗುರುರಾಜ್ ಅವಳ ಹಿಂದೆಯೇ ಹತ್ತಿದ.

ಯಮುನಾಳ ಸುತ್ತ ಹೆಂಗಸರು ಒತ್ತಾಗಿ ಕೂತಿದ್ದರು. ಒಬ್ಬಾಕೆ ಅವಳ ಮೊಣಕಾಲ ಮೇಲೆ ಕೈಯಿಟ್ಟು ಹಾಡಿಕೊಂಡು ಅಳುತ್ತಿದ್ದಳು. ಹೆಣದ ಪಕ್ಕದಿಂದ ಹೆಂಡತಿ ಎದ್ದು ಹೋಗುವಂತಿರಲಿಲ್ಲ.

*

ದೇವರಾಜ್ ಮತ್ತು ಗುರುರಾಜ್ ಒಂದೇ ವರ್ಷ ಟೆಲಿಫೋನ್ ಕಾರ್ಖಾನೆಗೆ ಸೇರಿದವರು. ದೇವರಾಜನ ಅಪ್ಪ ರಾಗಿ ಹೊಲ ಬಿಟ್ಟು ಬೇರೇನೂ ಕಂಡವನಲ್ಲ. ಮಗ ಬೆಸುಗೆ ಕಡ್ಡಿ ಹಿಡಿದು ಕೂತರೆ ಬೈಯುತ್ತಿದ್ದ. ಮೋರ್ಸ್ ಸಂಕೇತವನ್ನು ಗೆಳೆಯನಿಗೆ ಕಲಿಸಿದವನು ಗುರುರಾಜ್. ಕಾರ್ಖಾನೆ ಬಸ್ಸಿನ ಸೀಟಿನ ಕಂಬಿಯ ಮೇಲೆ ಉಂಗುರದಿಂದ ತಟ್ಟಿ ತಟ್ಟಿ ಕಲಿಸಿದ. ಇಬ್ಬರೂ ಒಟ್ಟಿಗೇ ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋ ಪರವಾನಗಿ ಪಡೆದರು.

ಹೊಲಗಳು ಟೆಕ್ ಪಾರ್ಕಿಗೆ ಹೋಗಿ, ಮನೆಯ ಸುತ್ತ ಬಾಡಿಗೆ ಕೋಣೆಗಳೆದ್ದ ಮೇಲೆ ದೇವರಾಜ್ ಕೆಲಸ ಬಿಟ್ಟ. ತಾರಸಿಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದನ್ನು ಕ್ಲಸ್ಟರ್ ನೋಡ್ ಎಂದ. ಯಮುನಾಳಿಗೆ ಅವನು ವಿವರಿಸಿದ್ದು ಹೀಗೆ: ರೇಡಿಯೋ ಹುಚ್ಚಿನವರೆಲ್ಲ ತಮ್ಮ ತಮ್ಮ ಮನೆಯಿಂದಲೇ ಇಲ್ಲಿ ಬಂದು ಸೇರುತ್ತಾರೆ. ಯಾವನಿಗೋ ದೂರದ ದ್ವೀಪದ ದನಿ ಕೇಳಿಸಿತು ಅನ್ನು, ಅವನು ಒಂದು ಸಾಲು ಹಾಕುತ್ತಾನೆ, ಇಂಥವರು ಇಂಥ ಕಂಪನಾಂಕದಲ್ಲಿದ್ದಾರೆ ಅಂತ. ತಕ್ಷಣ ಅದು ಎಲ್ಲರ ಪರದೆಗೂ ಹೋಗುತ್ತದೆ. ಅರಳಿಕಟ್ಟೆ ಇದ್ದ ಹಾಗೆ, ಅಷ್ಟೆ.

ಆ ಕಟ್ಟೆಯನ್ನು ಗುಡಿಸುವ ಕೆಲಸ ಅವನದು. ಬೆಳಗಿನ ಕಾಫಿ ಹಿಡಿದು ಮೇಲೆ ಹೋದರೆ, ಸದಸ್ಯರ ಪಟ್ಟಿಯಲ್ಲಿ ಊರು ಬದಲಿಸಿದವರ ಊರು ತಿದ್ದುವುದು, ಒಬ್ಬರಿಗೊಬ್ಬರು ಬರೆದಿಟ್ಟ ಸಂದೇಶಗಳು ತಲುಪಿದವೋ ಇಲ್ಲವೋ ನೋಡುವುದು, ತಪ್ಪು ವಿಳಾಸಕ್ಕೆ ಬಂದವನ್ನು ಸರಿಯಾದವರಿಗೆ ಕಳಿಸುವುದು, ಹಳೆಯವನ್ನು ಅಳಿಸುವುದು. ಪಕ್ಕದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಯಮುನಾಳಿಗೆ ಅದನ್ನೆಲ್ಲ ಹೇಳುತ್ತಿದ್ದ. ಜಪಾನಿನ ಮುದುಕನಿಗೆ ಕಣ್ಣಿನ ಆಪರೇಷನ್ ಆಯಿತಂತೆ, ಫಿನ್‌ಲೆಂಡಿನವನ ಕಂಬ ಹಿಮಕ್ಕೆ ಬಿತ್ತಂತೆ. ಕಂಡರಿಯದ ಆ ಜನರೆಲ್ಲ ಅವಳಿಗೆ ನೆಂಟರಷ್ಟೇ ಪರಿಚಿತರಾಗಿದ್ದರು.

ದಿವ್ಯಾ ಮಾತ್ರ ಕಂಡು ಪರಿಚಯವಿದ್ದ ಹುಡುಗಿ. ವೈಟ್‌ಫೀಲ್ಡಿನಲ್ಲಿ ಕೆಲಸ. ಭಾನುವಾರ ಸ್ಕೂಟರಿನಲ್ಲಿ ಬಂದು ದೇವರಾಜನ ಜೊತೆ ಆಂಟೆನಾ ಕಟ್ಟುತ್ತಿದ್ದಳು, ಯಮುನಾಳ ಕೈಯ ಮುದ್ದೆ ಉಣ್ಣುತ್ತಿದ್ದಳು. ಪ್ರತಿವರ್ಷ ಗುರುರಾಜ್ ನಡೆಸುತ್ತಿದ್ದ ರೇಡಿಯೋ ಸ್ಪರ್ಧೆಯ ಮುಂದಾಳ್ತನವನ್ನು ಒಮ್ಮೆ ಕ್ಲಬ್ಬಿನವರು ಅವಳಿಗೆ ಕೊಟ್ಟರು. ಅದಾಗಿ ಕೆಲವೇ ದಿನಕ್ಕೆ, ಅವಳು ಹಾಕಿದ ಪ್ರತಿ ಸಾಲಿನ ಕೆಳಗೆ ಹೇಸಿಗೆ ಮಾತು ಬರತೊಡಗಿತು. ಬರೆದವರ ಹೆಸರು ದಿನಕ್ಕೊಂದು, ಎಲ್ಲವೂ ಸುಳ್ಳು. ದೇವರಾಜ್ ಕೆಟ್ಟ ಪದಗಳ ಪಟ್ಟಿ ಮಾಡಿ ತಡೆದ, ಮಾರನೇ ದಿನ ಅವೇ ಪದಗಳು ಬೇರೆ ಅಕ್ಷರದಲ್ಲಿ ಬಂದವು. ಆಮೇಲೆ ಅವಳಿಗೇ ಸಂದೇಶಗಳು ಬಂದವು. ಅವಳ ಪಿಜಿ ಯಾವ ರಸ್ತೆಯಲ್ಲಿದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ, ಯಾವ ಬಣ್ಣದ ಕುರ್ತಾ ಹಾಕಿದ್ದಳು.

ಅವು ಎಲ್ಲಿಂದ ಬರುತ್ತಿವೆ ಎಂದು ದೇವರಾಜ್ ಹುಡುಕಿದ. ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಜಗೋಪಾಲನಗರದ ಗುರುರಾಜನ ಮನೆಯ ಸಂಪರ್ಕವನ್ನು ಜೋಡಿಸಿಕೊಟ್ಟವನು ಅವನೇ.

ಅವತ್ತು ಅವನು ಉಣ್ಣಲಿಲ್ಲ. ಗುರುರಾಜನ ಹೆಸರಿಗೆ ನೋಡಿನಲ್ಲಿ ಬೀಗ ಹಾಕಿದ, ಇನ್ನು ಅವನು ಆ ಕಟ್ಟೆ ಹತ್ತುವಂತಿಲ್ಲ. ಇನ್ನು ಮನೆಗೂ ಬರಬೇಡ ಎಂದು ಅವನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದ. ಕಾರಣವನ್ನು ಯಮುನಾಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ದೇವರಾಜನಿಗೆ ದುರಹಂಕಾರ, ನೋಡನ್ನು ಅಪ್ಪನ ಹೊಲ ಅಂದುಕೊಂಡಿದ್ದಾನೆ ಎಂದು ಗುರುರಾಜ್ ಊರೆಲ್ಲ ಹೇಳಿಕೊಂಡು ಬಂದ. ಕ್ಲಬ್ಬಿನವರು ಅದನ್ನು ನಂಬಿ ದೂರವಾದರು. ಅದನ್ನೂ ದೇವರಾಜ್ ನುಂಗಿಕೊಂಡ.

ಆದರೆ ಒಂದು ಭಾನುವಾರ ದಿವ್ಯಾ ಬಂದಳು. ಮುಖ ಬಾಡಿತ್ತು. ಅಂಕಲ್, ಯಾರು ಅಂತ ಗೊತ್ತಾಯ್ತಾ ಎಂದು ಕೇಳಿದಳು. ಯಮುನಾ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ದೇವರಾಜ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಗೊತ್ತಾಗ್ಲಿಲ್ಲಮ್ಮ" ಎಂದ.

ದಿವ್ಯಾ ಮತ್ತೆ ಬರಲಿಲ್ಲ. ರೇಡಿಯೋ ಮಾರಿದಳೆಂದು ಸುದ್ದಿ ಬಂತು. ಯಮುನಾ ಅವತ್ತು ಗಂಡನಿಗೆ ಹೇಳಿದ್ದಳು: "ನಿಮ್ಮ ಗೆಳೆಯನ ಮಾನ ಉಳಿಸೋಕೆ ಆ ಹುಡುಗಿ ನೆಮ್ಮದಿ ಕೊಟ್ಬಿಟ್ರಿ." ಹೇಳಿದರೆ ಗುರುರಾಜನ ಸಂಸಾರ ಉಳಿಯುವುದಿಲ್ಲ ಎಂದಷ್ಟೇ ಅವನು ಅಂದ. ಆ ಸಂದೇಶಗಳನ್ನು ಮಾತ್ರ ಅಳಿಸಲಿಲ್ಲ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವಳು ಕೇಳಿದಾಗಲೆಲ್ಲ, ಅಳಿಸೋಕೆ ನನಗೆ ಹಕ್ಕಿಲ್ಲ ಎನ್ನುತ್ತಿದ್ದ. ಹೇಳುವ ಧೈರ್ಯವೂ ಅವನಿಗೆ ಬರಲಿಲ್ಲ.

*

ಯಮುನಾ ಮೊಣಕಾಲ ಮೇಲಿದ್ದ ಕೈಯನ್ನು ಸರಿಸಿ ಎದ್ದಳು. ಎಲ್ಲಿಗೆ, ಎಲ್ಲಿಗೆ ಎಂದು ಹೆಂಗಸರು ಗಾಬರಿಯಾದರು. ನಲ್ಲಪ್ಪ ಕುರ್ಚಿಯಿಂದ ಅರ್ಧ ಎದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಗುರುರಾಜ್ ಅವಳ ಗಂಡನ ಕುರ್ಚಿಯಲ್ಲಿ ಕೂತಿದ್ದ. ದೀಪಶ್ರೀ ಹೊರಗೆ ತಾರಸಿಯ ಗೋಡೆಗೊರಗಿ ಯಾರಿಗೋ ಫೋನಿನಲ್ಲಿ ಮಣ್ಣು ಮಾಡುವ ಹೊತ್ತು ಹೇಳುತ್ತಿದ್ದಳು. ಪರದೆಯ ತುಂಬ ಸಂದೇಶಗಳ ಸಾಲು. ಗುರುರಾಜ್ ಅದನ್ನು ಮೇಲಿಂದ ಕೆಳಗೆ ಆತುರದಿಂದ ಜಾರಿಸುತ್ತಿದ್ದ.

"ಕುರ್ಚಿ ಬಿಡಿ" ಎಂದಳು ಯಮುನಾ.

ಅವನು ಬೆಚ್ಚಿ ತಿರುಗಿದ. ಅತ್ತಿಗೆ, ನೀವು ಯಾಕೆ ಮೇಲೆ ಬಂದ್ರಿ, ಹಳೇ ಮೆಸೇಜು ಬಹಳ ಸೇರಿಕೊಂಡಿವೆ, ಕ್ಲೀನ್ ಮಾಡ್ತಿದ್ದೆ ಎಂದ.

"ಯಾವ ಮೆಸೇಜು ಅಂತ ನನಗೆ ಗೊತ್ತು."

ಅವನ ಮುಖದ ರಕ್ತ ಇಳಿಯಿತು. ಆಮೇಲೆ ಅವನು ಎದ್ದು, ದೀಪಶ್ರೀಗೆ ಕೇಳದಂತೆ ದನಿ ತಗ್ಗಿಸಿ ಮಾತಾಡಿದ. ಮಗಳ ನಿಶ್ಚಿತಾರ್ಥವಾಗಿದೆ ಎಂದ. ಆಗ ತನಗೇನೋ ಹುಚ್ಚು ಹಿಡಿದಿತ್ತು, ಆ ಹುಡುಗಿಯ ಮುಂದೆ ತಾನು ಕೆಲಸಕ್ಕೆ ಬಾರದವನಾದೆ ಅನ್ನಿಸಿತ್ತು ಎಂದ. ಕೊನೆಗೆ, "ಅವನೇ ಮುಚ್ಚಿಟ್ಟಿದ್ದನ್ನ ಅವನ ಹೆಣದ ಮುಂದೆ ನೀವು ಬಿಚ್ತೀರಾ ಅತ್ತಿಗೆ? ಸತ್ತವನ ಮಾತಿಗೆ ಇಷ್ಟೇನಾ ಬೆಲೆ?" ಎಂದ.

ಇದೇ ಪ್ರಶ್ನೆಯನ್ನು ಯಮುನಾ ಕೆಳಗೆ ಕೂತು ತನ್ನನ್ನೇ ಕೇಳಿಕೊಂಡಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಅವ್ರು ಅದನ್ನ ಹೊತ್ಕೊಂಡೇ ಈ ಮೆಟ್ಟಿಲು ಹತ್ತುತಿದ್ರು" ಎಂದಳು. "ನಾನು ಹೊರಲ್ಲ."

ದೀಪಶ್ರೀ ಫೋನಿಟ್ಟು ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹೇಳ್ತೀನಿ, ಮೊದಲು ಕೋಣೆಗೆ ಬೀಗ ಹಾಕಿ ಬೀಗದ ಕೈ ನನಗೆ ಕೊಡು ಎಂದಳು ತಾಯಿ. ಗುರುರಾಜ್ ಇಬ್ಬರ ನಡುವೆ ತಲೆ ತಗ್ಗಿಸಿ ಹೊರಗೆ ಹೋದ. ಕೆಳಗೆ ತಮಟೆಯವರು ಚರ್ಮ ಕಾಯಿಸಿ ಒಂದೆರಡು ಪೆಟ್ಟು ಹಾಕಿ ನೋಡುತ್ತಿದ್ದರು.

*

ಅವಳು ಇಳಿದು ಬಂದಾಗ ಗಾಜಿನ ಪೆಟ್ಟಿಗೆಯ ಬಳಿ ದಿವ್ಯಾ ನಿಂತಿದ್ದಳು. ಹೆಲ್ಮೆಟ್ ಇನ್ನೂ ಕೈಯಲ್ಲೇ ಇತ್ತು. ಮೊದಲಿಗಿಂತ ಸೊರಗಿದ್ದಳು. ಯಮುನಾ ಅವಳ ಮೊಣಕೈ ಹಿಡಿದು ಹಿತ್ತಲಿನ ಒಗೆಯುವ ಕಲ್ಲಿನ ಬಳಿಗೆ ಕರೆದುಕೊಂಡು ಹೋದಳು. ನೀರಿನ ಟ್ಯಾಂಕಿನ ಮರೆಯಲ್ಲಿ ಯಾರೂ ಇರಲಿಲ್ಲ. ಗುರುರಾಜನ ಹೆಸರು ಹೇಳಿದಳು. ಬೇರೆ ಮಾತು ಸೇರಿಸಲಿಲ್ಲ.

ದಿವ್ಯಾ ಹೆಲ್ಮೆಟನ್ನು ಕಲ್ಲಿನ ಮೇಲಿಟ್ಟಳು. "ಅಂಕಲ್‌ಗೆ ಯಾವಾಗ ಗೊತ್ತಾಯ್ತು?" ಎಂದಳು.

"ನೀನು ಬಂದು ಕೇಳಿದಾಗ ಗೊತ್ತಿತ್ತು."

"ಎರಡು ವರ್ಷ ಆಂಟಿ. ಬಸ್ಸಲ್ಲಿ, ಆಫೀಸಲ್ಲಿ, ಯಾರ ಮುಖ ನೋಡಿದ್ರೂ ಇವನಿರಬಹುದಾ ಅಂತ ಅನ್ಕೊಂಡಿದ್ದೀನಿ. ಅಂಕಲ್ ಮುಖ ಒಂದನ್ನ ಬಿಟ್ಟು." ಅವಳು ತಿರುಗಿ ಮನೆಯ ಕಡೆ ನೋಡಿದಳು. "ಅವರನ್ನ ನೋಡೋಕೆ ಅಂತ ರಜೆ ಹಾಕಿ ಬಂದೆ."

ಯಮುನಾ ಗಂಡನ ಪರವಾಗಿ ಕ್ಷಮೆ ಕೇಳಲಿಲ್ಲ. ಕೇಳಬೇಕಾದವನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ. ಸಂದೇಶಗಳೆಲ್ಲ ಹಾಗೇ ಇವೆ, ಅವುಗಳನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ನಿನ್ನದು, ನೋಡನ್ನು ನಡೆಸುವುದೋ ನಿಲ್ಲಿಸುವುದೋ ಅದೂ ನಿನಗೇ ಬಿಟ್ಟಿದ್ದು ಎಂದು ಹೇಳಿ, ಕೋಣೆಯ ಬೀಗದ ಕೈಯನ್ನು ಮುಂದೆ ಚಾಚಿದಳು. ದಿವ್ಯಾ ಅದನ್ನು ನೋಡುತ್ತ ನಿಂತಳು. ತೆಗೆದುಕೊಳ್ಳುವುದಿಲ್ಲವೆಂದೇ ಯಮುನಾ ಅಂದುಕೊಂಡಳು. ಹೆಣ ಎತ್ತುವ ಗದ್ದಲ ಕೇಳಿದಾಗ ದಿವ್ಯಾ ಕೈ ಚಾಚಿ ತೆಗೆದುಕೊಂಡಳು. ನಾಳೆ ಬರ್ತೀನಿ, ಅಲ್ಲೀವರೆಗೂ ಯಾರೂ ಏನೂ ಮುಟ್ಟೋದು ಬೇಡ ಎಂದಳು.

*

ಟೆಕ್ ಪಾರ್ಕಿನ ಗೋಡೆಗೂ ಅಪಾರ್ಟ್‌ಮೆಂಟಿನ ಗೋಡೆಗೂ ನಡುವೆ ದೇವರಾಜನ ಮನೆಯವರಿಗೆ ಉಳಿದಿದ್ದ ಹೊಲ ಅಷ್ಟೇ, ಅಪ್ಪ ಅಜ್ಜಂದಿರ ಸಮಾಧಿಗಳಿದ್ದ ತುಂಡು. ಮಣ್ಣಿಗೆ ಹೆಂಗಸರೂ ಹೋಗುವುದು ಅವರಲ್ಲಿ ರೂಢಿ. ಗುರುರಾಜ್ ಹೊರಟುಹೋಗಿರುತ್ತಾನೆ ಎಂದು ಯಮುನಾ ಅಂದುಕೊಂಡಿದ್ದಳು. ಅವನು ಹೋಗಿರಲಿಲ್ಲ. ಕ್ಲಬ್ಬಿನವರು ಅವನನ್ನು ಮುಂದಕ್ಕೆ ತಳ್ಳಿದ್ದರು, ಚಟ್ಟಕ್ಕೆ ಹೆಗಲು ಕೊಟ್ಟೇ ಬಂದಿದ್ದ. ದಾರಿಯುದ್ದಕ್ಕೂ ಜನ ಅವನನ್ನು ತೋರಿಸಿ ಮೆಚ್ಚಿ ಮಾತಾಡಿಕೊಂಡರು. ಅವನ ಅಂಗಿ ಬೆವರಿಗೆ ಮೈಗಂಟಿಕೊಂಡಿತ್ತು.

ದೇಹವನ್ನು ಇಳಿಸಿದರು. ಮೊದಲು ಶಶಿಕುಮಾರ್, ದೀಪಶ್ರೀ, ಆಮೇಲೆ ಯಮುನಾ ಮಣ್ಣು ಹಾಕಿದರು. ನೆಂಟರು ಒಬ್ಬೊಬ್ಬರೇ ಹಿಡಿ ಹಿಡಿ ಹಾಕಿ ಸರಿದರು. ದಿವ್ಯಾ ಸಾಲಿನಲ್ಲಿ ಬಂದು ಬಗ್ಗಿ ಮಣ್ಣು ತೆಗೆದುಕೊಂಡಳು. ಗುಂಡಿಯೊಳಗೆ ನೋಡುತ್ತ ನಿಂತಳು. ಅವಳ ತುಟಿ ಬಿಗಿದಿತ್ತು. ಹಿಂದಿನವರು ಕಾಯುತ್ತಿದ್ದರು. ಹಾಕದೇ ಹೋದರೂ ತಪ್ಪಿಲ್ಲ ಎಂದು ಯಮುನಾ ಮನಸ್ಸಿನಲ್ಲೇ ಅಂದುಕೊಂಡಳು. ಕೊನೆಗೆ ದಿವ್ಯಾ ಬಗ್ಗಿ, ಎಸೆಯದೆ, ಬೆರಳು ಸಡಿಲಿಸಿ ಮಣ್ಣನ್ನು ಮೆಲ್ಲಗೆ ಬಿಟ್ಟಳು.

ತಿರುಗಿದಾಗ ಅವಳ ಎದುರಿಗಿದ್ದವನು ಗುರುರಾಜ್. ಅವನ ಮುಷ್ಟಿಯಲ್ಲೂ ಮಣ್ಣಿತ್ತು. ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಗುಂಡಿಗೂ ಅವನಿಗೂ ನಡುವೆ ನಿಂತವಳು ದಾರಿಯನ್ನೂ ಬಿಡಲಿಲ್ಲ. ಅವನು ಎಡಕ್ಕೆ ಅರ್ಧ ಹೆಜ್ಜೆ ಇಟ್ಟು ನಿಂತ. ಹಿಂದಿದ್ದವರು ಇಬ್ಬರನ್ನೂ ಬಳಸಿಕೊಂಡು ಹೋಗಿ ಮಣ್ಣು ಹಾಕಿ ಬಂದರು. ಏನಾಯ್ತು ಎಂದು ಯಾರೋ ಕೇಳಿದರು. ನಲ್ಲಪ್ಪ ಹೊತ್ತು ಮೀರುತ್ತೆ ಎಂದು ಕೂಗಿ ಕೈಯಾಡಿಸಿದ. ನಾಲ್ಕು ಜನ ಗುದ್ದಲಿ ಹಿಡಿದು ಎರಡೂ ಕಡೆಯಿಂದ ಮಣ್ಣು ಎಳೆಯತೊಡಗಿದರು. ಗುಂಡಿ ತುಂಬಿ, ಗುಪ್ಪೆಯಾಗಿ, ಮೇಲೆ ನೀರು ಚಿಮುಕಿಸಿ ಹೂವಿಟ್ಟರು. ಜನ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೊರಟರು. ಗುರುರಾಜ್ ಇನ್ನೂ ಅಲ್ಲೇ ನಿಂತಿದ್ದ. ಎದೆಯ ಮಟ್ಟಕ್ಕೆ ಎತ್ತಿ ಬಿಗಿಹಿಡಿದ ಅವನ ಮುಷ್ಟಿಯಿಂದ ಬೆವರಿಗೆ ನೆನೆದ ಕೆಮ್ಮಣ್ಣು ಬೆರಳ ಸಂದಿಯಲ್ಲಿ ಇಳಿದು, ಬಿಳಿ ಅಂಗಿಯ ತೋಳನ್ನು ನಿಧಾನವಾಗಿ ಕೆಂಪಾಗಿಸುತ್ತಿತ್ತು.