ನಾಯಿ ಬಾಲ ಮತ್ತು ಮೇಣ

ನಾಯಿ ಬಾಲ ಡೊಂಕು ಎಂದು ಲೋಕವೆಲ್ಲ ಬೈಯುತ್ತದೆ. ನನ್ನ ಸ್ಪ್ರಿಂಗ್ ವರ್ಕ್‌ಶಾಪಿನಲ್ಲಿ ಮಾತ್ರ ಅದು ಹೊಗಳಿಕೆ. ಸುತ್ತಿದ ಪ್ರತಿ ಸ್ಪ್ರಿಂಗನ್ನೂ ಕೊಕ್ಕೆಗೆ ಸಿಕ್ಕಿಸಿ, ಗುರುತಿನ ತನಕ ಹತ್ತು ಸಲ ಎಳೆದು ಬಿಡುತ್ತೇನೆ. ಬಿಟ್ಟ ಮೇಲೆ ಮೊದಲಿನ ಉದ್ದಕ್ಕೇ ಮರಳಿದರೆ "ನಾಯಿ ಬಾಲ!" ಎಂದು ಕೂಗಿ ಒಳ್ಳೆಯ ಡಬ್ಬಿಗೆ ಹಾಕುತ್ತೇನೆ. ಎಳೆದಲ್ಲೇ ಒಂಚೂರು ಉಳಿದುಬಿಟ್ಟರೆ ಅದು "ಮೇಣ". ಅದರ ಜಾಗ ಗುಜರಿ ಡಬ್ಬಿ. ಮೂವತ್ತೊಂದು ವರ್ಷದಿಂದ ನನ್ನ ಪಾಲಿಗೆ ಲೋಕದಲ್ಲಿ ಇರುವುದು ಇವೆರಡೇ. ನನ್ನ ಹೆಂಡತಿ ನನ್ನನ್ನು ಮೊದಲನೆಯದಕ್ಕೆ ಸೇರಿಸುತ್ತಾಳೆ, ಹೊಗಳುವುದಕ್ಕಲ್ಲ.

ನನ್ನ ತಂಗಿ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಡಾಕ್ಟರು ಕೈ ಚಾಚುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿರಬೇಕು, ಅಂಥ ಕೆಲಸ. ಮೂರು ತಿಂಗಳ ಹಿಂದೆ ಥಿಯೇಟರಿನ ಬಾಗಿಲು ರಪ್ಪನೆ ಮುಚ್ಚಿಕೊಂಡು ಅವಳ ಬಲಗೈಯ ಉಂಗುರ ಬೆರಳನ್ನು ಚೌಕಟ್ಟಿಗೆ ಜಜ್ಜಿತು. ಆ ಬಾಗಿಲಿನ ಸ್ಪ್ರಿಂಗ್ ನಾನೇ ಮಾಡಿಕೊಟ್ಟದ್ದು. "ಹತ್ತು ವರ್ಷ ಆದ್ರೂ ಇದು ನಾಯಿ ಬಾಲಾನೇ" ಎಂದು ಆಸ್ಪತ್ರೆಯವರೆದುರು ಜಂಬ ಕೊಚ್ಚಿಕೊಂಡಿದ್ದೆ. ಯಾರೂ ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಮೂಳೆಯೇನೋ ಕೂಡಿತು, ಆದರೆ ಬೆರಳಿನ ನಡುಗೆಣ್ಣು ಮಡಿಸಿದ ಹಾಗೆಯೇ ಬಿಗಿದುಕೊಂಡಿತು. ಥಿಯೇಟರಿನ ಗ್ಲೌಸ್ ಬಿಗಿ. ಹೊರಮೈಯನ್ನು ಬರಿಗೈಯಿಂದ ಮುಟ್ಟದೆ ತೊಡಬೇಕು. ಬಾಗಿದ ಬೆರಳು ಅದರೊಳಗೆ ಇಳಿಯುವುದಿಲ್ಲ. ಮೇಟ್ರನ್ ಆರು ವಾರ ಕೊಟ್ಟರು. ಅಷ್ಟರಲ್ಲಿ ಗ್ಲೌಸ್ ತೊಟ್ಟು ತೋರಿಸದಿದ್ದರೆ ಥಿಯೇಟರ್ ಬಿಟ್ಟು ಬಟ್ಟೆ ಉಗ್ರಾಣಕ್ಕೆ ಹೋಗಬೇಕು, ಹಾಸಿಗೆ ಬಟ್ಟೆ ಮಡಿಸುವುದಕ್ಕೆ.

"ಮಡಿಸಿದ ಬೆರಳಿಗೆ ಮಡಿಸೋ ಕೆಲಸ. ಒಳ್ಳೆ ಜೋಡಿ" ಎಂದು ತಂಗಿ ನಕ್ಕಳು. ನಗುತ್ತಾ ನಗುತ್ತಾ ಅತ್ತಳು.

ಫಿಸಿಯೋಥೆರಪಿಯ ಹುಡುಗಿಗೆ ನನ್ನ ಮಗಳ ವಯಸ್ಸು. ಅಂಗೈಗೆ ಹೊಂದುವ ಹಲಗೆಯೊಂದಕ್ಕೆ ಪುಟ್ಟ ಸ್ಪ್ರಿಂಗ್ ಕೂರಿಸಿ, ಬೆರಳನ್ನು ನೆಟ್ಟಗೆ ಎಳೆಯುವ ಪಟ್ಟಿ ಕಟ್ಟಿಕೊಟ್ಟಳು. ತಂಗಿ ಕೈಯನ್ನು ಅಂಗಾತ ಮೇಜಿನ ಮೇಲಿಟ್ಟಾಗ ಉಗುರು ಎಷ್ಟು ಎತ್ತರದಲ್ಲಿದೆ ಎಂದು ನಾನು ವರ್ನಿಯರ್ ಹಿಡಿದು ಅಳೆದೆ. ಮೂವತ್ತು ಮಿಲಿಮೀಟರ್. ನಾಲ್ಕು ದಿನ ಕಳೆದು ಅಳೆದರೂ ಮೂವತ್ತೇ. ಆಮೇಲೆ ಸ್ಪ್ರಿಂಗನ್ನು ಪರೀಕ್ಷಿಸಿದೆ. ಅಪ್ಪಟ ಮೇಣ, ನಾಲ್ಕೇ ದಿನಕ್ಕೆ ಸಡಿಲವಾಗಿತ್ತು.

"ಇಂಥದನ್ನ ಸ್ಪ್ರಿಂಗ್ ಅಂತಾರಾ? ನಾನು ಮಾಡ್ತೀನಿ ತಾಳು" ಎಂದೆ.

ತಂತಿ ಬಗ್ಗಿಸುವವನಿಗೆ ಒಂದು ವಿಷಯ ಗೊತ್ತು. ಬೇಕಾದಷ್ಟೇ ಬಗ್ಗಿಸಿದರೆ ಕೈ ಬಿಟ್ಟೊಡನೆ ತಂತಿ ಸ್ವಲ್ಪ ಹಿಂದಕ್ಕೆ ಬರುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಮೀರಿಸಿಯೇ ಬಗ್ಗಿಸಬೇಕು. ಬೆರಳಿಗೂ ಅದೇ ಲೆಕ್ಕ ಹಾಕಿದೆ. ದಪ್ಪ ತಂತಿ ತೆಗೆದು ಜೋರು ಸ್ಪ್ರಿಂಗ್ ಸುತ್ತಿ ಕಟ್ಟಿದೆ. ತಂಗಿ ಎರಡು ಗಂಟೆ ಹಲ್ಲು ಕಚ್ಚಿ ಕೂತಳು. ಬೆರಳು ಮೇಜಿಗೆ ಅಂಟಿದಂತೆ ನೆಟ್ಟಗಾಗಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಪಟ್ಟಿ ಬಿಚ್ಚಿದರೆ ನೋಡನೋಡುತ್ತಿದ್ದಂತೆ ಬೆರಳು ಮತ್ತೆ ಮಡಿಸಿಕೊಂಡಿತು. ಬೆಳಿಗ್ಗೆಯ ಹೊತ್ತಿಗೆ ಗೆಣ್ಣು ಊದಿಕೊಂಡು, ಮೂವತ್ತಿದ್ದದ್ದು ಮೂವತ್ತನಾಲ್ಕಾಗಿತ್ತು.

"ಯಾರ್ರೀ ಈ ಸ್ಪ್ರಿಂಗ್ ಹಾಕಿದ್ದು?" ಎಂದಳು ಆ ಹುಡುಗಿ.

"ನಾನೇ."

"ಬೆರಳಿಗೆ ಹಾಕಿದ್ರೋ, ಲಾರಿಗೋ?"

ಈ ವಯಸ್ಸಿನಲ್ಲಿ ಬೈಸಿಕೊಳ್ಳುವುದು ನನಗೆ ರೂಢಿಯಿಲ್ಲ. ಆದರೂ ತಲೆ ತಗ್ಗಿಸಿ ನಿಂತೆ.

"ತಂತಿಗೆ ಜೋರು ಸಾಕು ಸಾರ್, ಮೈಗೆ ಹೊತ್ತು ಬೇಕು. ಮೆತ್ತಗೆ ಎಳೀಬೇಕು, ತುಂಬಾ ಹೊತ್ತು ಎಳೀಬೇಕು. ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಸಮ ಎಳೀತಾ, ಸಡಿಲ ಆಗದೇ ಇರೋ ಸ್ಪ್ರಿಂಗ್ ನನಗೆ ಅಂಗಡೀಲಿ ಸಿಗ್ತಿಲ್ಲ. ನಿಮ್ಮ ಕೈಲಾಗುತ್ತಾ?"

"ಆಗುತ್ತೆ ಡಾಕ್ಟರಮ್ಮ" ಎಂದೆ. ಹುಡುಗಿ ಎನ್ನುವ ಧೈರ್ಯ ಅಂದಿಗೆ ಹೋಯಿತು.

ಊತ ಇಳಿಯುವುದಕ್ಕೇ ಒಂದು ವಾರ ಬೇಕಾಯಿತು. ಅಷ್ಟರಲ್ಲಿ ತೆಳು ತಂತಿಯಿಂದ ಎಂಟು ಸ್ಪ್ರಿಂಗ್ ಸುತ್ತಿ ಎಂಟನ್ನೂ ಬಿಸಾಡಿ, ಒಂಬತ್ತನೆಯದನ್ನು ಪಟ್ಟಿಗೆ ಕೂರಿಸಿದೆ. ಮುಂದಿನ ಭಾನುವಾರ ಪಟ್ಟಿ ಬಿಚ್ಚಿ, ಒಂದು ಗಂಟೆ ಬಿಟ್ಟು ಅಳೆದೆ. ಮತ್ತದೇ ಮೂವತ್ತು.

"ನಾಯಿ ಬಾಲ" ಎಂದುಬಿಟ್ಟೆ. ಅಭ್ಯಾಸಬಲ, ಬಾಯಿಂದ ಜಾರಿತು.

ತಂಗಿ ಕೈ ಎಳೆದುಕೊಂಡಳು. "ಸಾಕಣ್ಣ. ನನ್ನ ಬೆರಳು ನಿನ್ನ ಡಬ್ಬಿಗೆ ಬೀಳೋ ಸಾಮಾನಲ್ಲ. ನಾಳೆ ಉಗ್ರಾಣಕ್ಕೆ ಒಪ್ಪಿಗೆ ಬರೆದುಕೊಡ್ತೀನಿ" ಎಂದು ಎದ್ದು ಹೋದಳು.

"ಆ ನಾಲಗೆಗೂ ಒಂದು ಸ್ಪ್ರಿಂಗ್ ಹಾಕ್ಕೊಳ್ಳಿ" ಎಂದಳು ಹೆಂಡತಿ.

ಮರುದಿನ ತಂಗಿ ಪಟ್ಟಿಯನ್ನು ವಾಪಸು ಕೊಡಲು ವರ್ಕ್‌ಶಾಪಿಗೆ ಬಂದಳು. ನಾನು ತಂತಿ ಸುತ್ತುತ್ತಿದ್ದೆ, ನಡುವೆ ನಿಲ್ಲಿಸುವಂತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡಿದಳು. ಮುಗಿಸಿ ಸಲಾಕೆಯಿಂದ ಸುರುಳಿಯನ್ನು ಕಳಚಿದಾಗ ಕೇಳಿದಳು:

"ಅಣ್ಣ, ಈ ತಂತಿ ಈಗ ತಾನೆ ನೆಟ್ಟಗಿತ್ತು. ಬಿಟ್ಟ ಮೇಲೂ ಸುರುಳಿಯಾಗೇ ಉಳೀತಲ್ಲ. ಇದು ಮೇಣ ಆಯ್ತಲ್ವಾ?"

"ಸುತ್ತುವಾಗ ಒಂದೇ ಸಲ ಹಾಗೆ. ಆಮೇಲೆ ಎಷ್ಟು ಎಳೆದ್ರೂ ಈ ಸುರುಳಿಗೇ ವಾಪಸ್ ಬರುತ್ತೆ."

"ಅಂದ್ರೆ ಒಂದ್ಸಲ ಮೇಣ ಆಗದೆ ಯಾವುದೂ ನಾಯಿ ಬಾಲ ಆಗಲ್ಲ."

ಮೂವತ್ತೊಂದು ವರ್ಷ ಯಾವ ಗುಣವನ್ನು ಗುಜರಿ ಎಂದು ಬೈದಿದ್ದೆನೋ, ದಿನವೂ ಅದರಿಂದಲೇ ಅನ್ನ ತಿನ್ನುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು ಒಂದೇ ಮಾತಿನಲ್ಲಿ ನನ್ನ ಕಸುಬನ್ನು ನನಗೆ ಹೇಳಿಕೊಟ್ಟಿದ್ದಳು. ನಾಚಿಕೆಯಾಯಿತು, ಖುಷಿಯೂ ಆಯಿತು. ಅವಳು ಆ ಪಟ್ಟಿಯನ್ನು ಮತ್ತೆ ಕೈಗೆ ಕಟ್ಟಿಕೊಂಡಳು.

ಮುಂದಿನ ಭಾನುವಾರ ಇಪ್ಪತ್ತಾರು. ಆಮೇಲೆ ಇಪ್ಪತ್ತು. ಆಮೇಲೆ ಹದಿನಾಲ್ಕು. ನಾನು ಅಂಕಿಯನ್ನಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡೆ.

ಆರನೆಯ ವಾರದ ಕೊನೆಯ ದಿನ ಆಸ್ಪತ್ರೆಗೆ ಅವಳ ಜೊತೆ ಹೋದೆ. ಬೆರಳು ಜಜ್ಜಿದ ಮೇಲೆ ಥಿಯೇಟರಿನ ಬಾಗಿಲಿನ ಹಳೆಯ ಸ್ಪ್ರಿಂಗ್ ತೆಗೆದು ಮೆತ್ತನೆಯದನ್ನು ಹಾಕಿಕೊಟ್ಟಿದ್ದೆ. ಅದರ ದುಂಡು ಗಾಜಿಗೆ ಮೂಗು ಒತ್ತಿ ನಿಂತೆ. ಒಳಗೆ ಮೇಟ್ರನ್ ಕೈಕಟ್ಟಿ ನಿಂತಿದ್ದರು. ತಂಗಿ ಕೈ ತೊಳೆದು ಬಂದು, ಎಡಗೈಯಿಂದ ಗ್ಲೌಸಿನ ಮಡಿಕೆ ಹಿಡಿದು, ಬಲಗೈ ತೂರಿಸಿದಳು. ನಾಲ್ಕು ಬೆರಳು ಇಳಿದವು. ಉಂಗುರ ಬೆರಳು ಗೆಣ್ಣಿನ ಬಳಿ ತಡೆಯಿತು. ಎಳಿಯೇ, ಎಳಿ ಎಂದು ಹೊರಗೆ ನನ್ನ ಕೈ ಬಿಗಿಯಿತು. ಅವಳು ಎಳೆಯಲಿಲ್ಲ. ರಬ್ಬರನ್ನು ಹಾಗೇ ಹಿಡಿದು, ಉಸಿರು ಬಿಟ್ಟು, ಕಾದಳು. ಬೆರಳು ಮೆಲ್ಲಗೆ, ತಾನಾಗಿ ಒಳಗೆ ಜಾರಿತು. ಮಣಿಕಟ್ಟಿನ ಮೇಲೆ ಗ್ಲೌಸ್ ಟಪ್ ಎಂದಿತು. ಮೇಟ್ರನ್ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ, ಮುಖವೂ ಕಾಣಲಿಲ್ಲ, ಗಾಜು ಮಂಜಾಗಿತ್ತು.

ಕ್ಯಾಂಟೀನಿನಲ್ಲಿ ಎದುರು ಕೂತ ತಂಗಿ ಜೇಬಿನಿಂದ ಆ ಗ್ಲೌಸ್ ತೆಗೆದಳು. ಕೈಯಿಂದ ಕಳಚಿದ್ದೇ ತಡ, ಅದು ಮೊದಲಿನಂತೆ ಪುಟ್ಟದಾಗಿತ್ತು.

"ಸೋಮವಾರದಿಂದ ಥಿಯೇಟರ್ ಡ್ಯೂಟಿ" ಎಂದಳು. ಗ್ಲೌಸನ್ನು ನನ್ನ ಮುಂದೆ ಹಿಡಿದು, "ಇದೇನು ಹೇಳು?"

"ನಾಯಿ ಬಾಲ."

"ಇದು?" ಎಂದು ಬಲಗೈಯನ್ನು ಅಂಗಾತ ಮೇಜಿನ ಮೇಲಿಟ್ಟಳು. ಪಟ್ಟಿ ಬಿಚ್ಚಿ ಒಂದು ಗಂಟೆಯ ಮೇಲಾಗಿತ್ತು.

ಜೇಬಿನಿಂದ ವರ್ನಿಯರ್ ತೆಗೆದೆ. ಎರಡು ಸಲ ಅಳೆದೆ. ಬೆಳಿಗ್ಗೆ ಪಟ್ಟಿಯಿಂದ ಬಿಚ್ಚಿದಾಗ ಒಂಬತ್ತು. ಈಗಲೂ ಒಂಬತ್ತೇ. ಒಂದು ಕೂದಲೆಳೆಯಷ್ಟೂ ಹಿಂದಕ್ಕೆ ಹೋಗಿರಲಿಲ್ಲ.

"ಮೇಣ!" ಎಂದು ಕೂಗಿದೆ. ಪಕ್ಕದ ಮೇಜಿನವರು ಚಹಾ ಲೋಟ ಹಿಡಿದಂತೆಯೇ ತಿರುಗಿ ನೋಡಿದರು. "ಅಪ್ಪಟ ಮೇಣ ಕಣಮ್ಮ!"

"ಮೆಲ್ಲಗೆ ಅಣ್ಣ, ಆಸ್ಪತ್ರೆ ಇದು" ಎಂದಳು ತಂಗಿ. ಕೈಯನ್ನು ಮಾತ್ರ ಮೇಜಿನಿಂದ ತೆಗೆಯಲಿಲ್ಲ.